ಮನೆಯ ನೀರಿನ ಪೈಪ್: ನೋಡುವುದು ನೀವು, ಬಿಚ್ಚುವುದು ಯಾರು?

ಮೂರು ವರ್ಷದ ಹಿಂದಿನ ಮಾತು. ಹಳೇ ಹುಬ್ಬಳ್ಳಿ ಕಡೆಯ ಒಬ್ಬ ಸಹೋದರಿ ತನ್ನ ಕಿರಿಯ ಮಗನನ್ನು ಕರೆದುಕೊಂಡು ನನ್ನ ದವಾಖಾನೆಗೆ ಬಂದರು. ಹುಡುಗನಿಗೆ ಆರು ದಿನದಿಂದ ಇಳಿಯದ ಜ್ವರ, ಹೊಟ್ಟೆನೋವು, ನಾಲಿಗೆಯ ಮೇಲೆ ಬಿಳಿ ಪದರ. ಅದೇ ಮನೆಯ ಹಿರಿಯ ಮಗಳಿಗೆ ಐದು ತಿಂಗಳ ಹಿಂದೆ ಕಾಮಾಲೆಯಾಗಿತ್ತು. ಅದಕ್ಕೂ ಮೊದಲು ಅತ್ತೆಗೆ ವಾರಗಟ್ಟಲೆ ಭೇದಿ.

"ಡಾಕ್ಟರ್ ಸಾಹೇಬ್ರೆ, ನಮ್ಮ ಮನ್ಯಾಗ ಎಲ್ಲರ ಮೇದಾನೂ ಕಮಜೋರ್ ಐತ್ರಿ. ಏನಾರ ಒಂದು ಜವಾರಿಶ್ ಕೊಡ್ರಿ, ಹೊಟ್ಟಿ ಗಟ್ಟಿ ಆಗೂ ಹಂಗ" ಎಂದರು.

ನಾನು ಜವಾರಿಶ್ ಕೊಡಲಿಲ್ಲ. ರಕ್ತ ಪರೀಕ್ಷೆಗೆ ಕಳಿಸಿದೆ. ಟೈಫಾಯ್ಡ್ ಎಂದು ಖಚಿತವಾಯಿತು, ಹುಡುಗನನ್ನು ಆಸ್ಪತ್ರೆಗೆ ಸೇರಿಸಿದರು. ಅವನು ಗುಣವಾಗಿ ಮರಳಿದ ಮೇಲೆ, ಕಾಮಾಲೆಯ ಸಮಯದಲ್ಲೇ ಕೇಳಬೇಕಿದ್ದ ಪ್ರಶ್ನೆಯನ್ನು ತಡವಾಗಿ ಕೇಳಿದೆ: "ನಿಮ್ಮ ಮನೆಗೆ ನೀರು ಎಲ್ಲಿಂದ, ಹೇಗೆ ಬರುತ್ತದೆ ತಂಗೀ?"

ಅವರಿಗೆ ಸ್ವಲ್ಪ ಬೇಸರವಾದಂತೆ ಕಂಡಿತು. "ನಾವು ಕುದಿಸಿನ ಕುಡೀತೀವ್ರಿ" ಎಂದರು. ನಿಜ, ಕುಡಿಯುವ ನೀರನ್ನು ಅವರು ಕುದಿಸುತ್ತಿದ್ದರು. ಆದರೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ನಳದ ನೀರು. ಕೊತ್ತಂಬರಿ, ಸೌತೆಕಾಯಿ ತೊಳೆಯಲು ನಳದ ನೀರು. ದಿನಕ್ಕೆ ಐದು ಬಾರಿ ವುಝೂ ಮಾಡುವಾಗ ಬಾಯಿಗೂ ಮೂಗಿಗೂ ನಳದ ನೀರು. ರಮಝಾನಿನಲ್ಲಿ ಇಫ್ತಾರಿನ ಶರಬತ್ತಿಗೆ ಹಾಕಿದ ಐಸ್ ಕೂಡ ಅದೇ ನೀರಿನದು.

ಶುಕ್ರವಾರ ಜುಮಾ ಮುಗಿಸಿ ಅವರ ಮನೆಗೆ ಹೋದೆ. ರಸ್ತೆಯ ಮುಖ್ಯ ಕೊಳವೆಯಿಂದ ಮನೆಗೆ ಬರುವ ಕಬ್ಬಿಣದ ಪೈಪ್ ತೆರೆದ ಗಟಾರವನ್ನು ದಾಟಿ ಬರುತ್ತಿತ್ತು. ದಾಟಿ ಎಂದರೆ ಮೇಲಿನಿಂದಲ್ಲ, ಗಟಾರದ ಕೊಚ್ಚೆಯ ಒಳಗಿನಿಂದ. ತುಕ್ಕು ಹಿಡಿದ ಒಂದು ಕಡೆ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ, ತಂತಿಯಿಂದ ಬಿಗಿದಿದ್ದರು. ಮನೆಯ ಯಜಮಾನರು ಹೆಮ್ಮೆಯಿಂದಲೇ ತೋರಿಸಿದರು: "ಲೀಕ್ ಆಗ್ತಿತ್ರಿ, ನಾನ ಬಂದ್ ಮಾಡೇನಿ. ಪ್ಲಂಬರ್ ಐನೂರು ರೂಪಾಯಿ ಕೇಳಿದ್ದ."

ಅವರನ್ನು ದೂರುವ ಮನಸ್ಸು ನನಗಿರಲಿಲ್ಲ. ಮನೆಯ ಕೆಲಸವನ್ನು ತಾನೇ ಮಾಡಿಕೊಳ್ಳುವುದು ಒಳ್ಳೆಯ ಗುಣ, ಐನೂರು ರೂಪಾಯಿ ಸಣ್ಣ ಹಣವೂ ಅಲ್ಲ. ಆದರೆ ಯಾವ ಕೆಲಸವನ್ನು ನಾವೇ ಮಾಡಬಹುದು, ಯಾವುದಕ್ಕೆ ಬಲ್ಲವರನ್ನು ಕರೆಯಬೇಕು ಎಂಬ ತಿಳಿವಳಿಕೆ ಇಲ್ಲದಿದ್ದರೆ ಆ ಉಳಿತಾಯ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಆ ಮನೆಯಲ್ಲಿ ನೋಡಿದೆ. ಈ ತಿಂಗಳು ಔಷಧಿಯ ವಿಷಯ ಬಿಟ್ಟು ಪೈಪಿನ ವಿಷಯ ಬರೆಯುತ್ತಿರುವುದು ಅದಕ್ಕಾಗಿಯೇ.

ಹಕೀಮನಿಗೆ ಪೈಪಿನ ಉಸಾಬರಿ ಏಕೆ?

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು ಹೇಳುತ್ತಾರೆ, ಅಸ್ಬಾಬೆ ಸಿತ್ತಾ ಝರೂರಿಯಾ ಎಂದು. ಅದರಲ್ಲಿ ಮೊದಲನೆಯದು ಸುತ್ತಲಿನ ಗಾಳಿ, ಎರಡನೆಯದು ತಿನ್ನುವ ಕುಡಿಯುವ ಪದಾರ್ಥ. ಮನೆಯ ಪೈಪ್ ಈ ಎರಡಕ್ಕೂ ಸಂಬಂಧಪಟ್ಟಿದೆ. ಒಳಗೆ ಬರುವ ಪೈಪ್ ನೀರನ್ನು ತರುತ್ತದೆ. ಹೊರಗೆ ಹೋಗುವ ಪೈಪ್ ಕೆಟ್ಟರೆ ಮನೆಯ ಗಾಳಿಯೇ ಕೆಡುತ್ತದೆ.

1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ನೀರಿನ ಬಗೆಗಳನ್ನು ವಿವರಿಸುವಾಗ ಸೀಸದ ಕೊಳವೆಗಳಲ್ಲಿ ಹರಿದು ಬರುವ ನೀರನ್ನು ಕೆಟ್ಟ ನೀರಿನ ಸಾಲಿಗೆ ಸೇರಿಸಿದ್ದಾರೆ. ಸೀಸದ ಗುಣ ನೀರಿಗೆ ಇಳಿದು ಕರುಳಿನ ಬೇನೆ ತರುತ್ತದೆ ಎಂಬುದು ಅವರ ಅಭಿಪ್ರಾಯ. ಪ್ಲಾಸ್ಟಿಕ್ ಬಂದ ಮೇಲೆ ಆ ಚಿಂತೆ ಮುಗಿಯಿತು ಎಂದುಕೊಳ್ಳಬೇಡಿ. ಪಿವಿಸಿ ಪೈಪ್ ತಯಾರಿಕೆಯಲ್ಲಿ ಸೀಸದ ಸಂಯುಕ್ತಗಳನ್ನು ಬಳಸುವ ರೂಢಿ ಇತ್ತು. ಅದನ್ನು ತಡೆಯಲು ನಮ್ಮ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ತಂದದ್ದು 2021ರಲ್ಲಿ. ಆದ್ದರಿಂದ ಹೊಸ ಪೈಪ್ ಹಾಕಿಸುವಾಗ ಐಎಸ್‌ಐ ಗುರುತು ನೋಡಿ, ಕುಡಿಯುವ ನೀರಿಗೆಂದೇ ತಯಾರಾದದ್ದನ್ನು ಕೇಳಿ ತನ್ನಿ. ವೈರಿಂಗಿಗೆ ಬಳಸುವ, ಕೊಳಚೆಗೆ ಬಳಸುವ ಅಗ್ಗದ ಪೈಪನ್ನು ಅಡುಗೆಮನೆಗೆ ಎಳೆದವರನ್ನು ನಾನು ಕಂಡಿದ್ದೇನೆ.

ಈಗ ಆ ಸೈಕಲ್ ಟ್ಯೂಬಿಗೆ ಬರೋಣ. ನಮ್ಮ ಊರುಗಳಲ್ಲಿ ನೀರು ಇಪ್ಪತ್ನಾಲ್ಕು ಗಂಟೆ ಬರುವ ಓಣಿಗಳಿಗಿಂತ, ಹಲವು ದಿನಕ್ಕೊಮ್ಮೆ ಬಿಡುವ ಓಣಿಗಳೇ ಹೆಚ್ಚು. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ. ಸಣ್ಣ ತೂತಿದ್ದರೆ ನೀರು ಹೊರಗೆ ಚಿಮ್ಮುತ್ತದೆ, ಅದು ನಮಗೆ ಕಾಣುತ್ತದೆ. ನೀರು ನಿಂತ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿನ ಕಡೆಗೆ ಇಳಿಯುತ್ತದೆ, ಒಳಗೆ ಖಾಲಿ ಜಾಗವಾಗಿ ಎಳೆತ ಉಂಟಾಗುತ್ತದೆ. ಆಗ ಅದೇ ತೂತು ಗಟಾರದ ನೀರನ್ನು ಒಳಗೆ ಹೀರುತ್ತದೆ. ಇದು ಯಾರ ಕಣ್ಣಿಗೂ ಕಾಣುವುದಿಲ್ಲ. ಸೈಕಲ್ ಟ್ಯೂಬ್ ಹೊರಗೆ ಬರುವ ನೀರನ್ನು ಬಹುಮಟ್ಟಿಗೆ ತಡೆಯಿತು, ಯಜಮಾನರ ಪಾಲಿಗೆ ಲೀಕ್ ನಿಂತಿತು. ಒಳಗೆ ಬರುವುದನ್ನು ಅದು ತಡೆಯಲಿಲ್ಲ.

ಇದಕ್ಕೆ ಮೋಟಾರ್ ಸೇರಿದರೆ ಕೇಳುವುದೇ ಬೇಡ. ಒತ್ತಡ ಕಡಿಮೆ ಎಂದು ಮುಖ್ಯ ಕೊಳವೆಯ ಸಂಪರ್ಕಕ್ಕೇ ನೇರವಾಗಿ ಮೋಟಾರ್ ಜೋಡಿಸಿ ನೀರೆಳೆಯುವ ಚಾಳಿ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ ಎಂದು ನಾನು ಹೇಳಬೇಕಿಲ್ಲ. ಅದು ಕಾನೂನಿಗೆ ವಿರುದ್ಧ. ಪಕ್ಕದ ಮನೆಯವರ ಪಾಲಿನ ನೀರನ್ನು ಎಳೆದುಕೊಳ್ಳುವ ಕೆಲಸವೂ ಹೌದು. ವೈದ್ಯನಾಗಿ ನಾನು ಹೇಳುವುದು ಇನ್ನೊಂದು ಮಾತು: ಆ ಮೋಟಾರ್ ಓಣಿಯುದ್ದಕ್ಕೂ ಇರುವ ಎಲ್ಲ ಬಿರುಕುಗಳಿಂದ ಕೊಚ್ಚೆಯನ್ನು ಎಳೆದು ಮೊದಲು ನಿಮ್ಮ ಸಂಪಿಗೇ ತರುತ್ತದೆ.

ಟೈಫಾಯ್ಡ್ ವಿಷಕ್ರಿಮಿ ಹೊಟ್ಟೆಗೆ ಹೋದ ಒಂದರಿಂದ ಮೂರು ವಾರದ ನಂತರ ಜ್ವರ ಬರುತ್ತದೆ. ನೀರಿನಿಂದ ಹರಡುವ ಕಾಮಾಲೆಗೆ ಎರಡರಿಂದ ಏಳು ವಾರ ಬೇಕು. ಅಷ್ಟರಲ್ಲಿ ನೀರು ಸ್ವಲ್ಪ ಕಂದಾಗಿ ಬಂದ ಆ ದಿನ ಯಾರಿಗೂ ನೆನಪಿರುವುದಿಲ್ಲ. ನಿನ್ನೆ ತಿಂದ ಭಜಿಯ ಮೇಲೆ, ಮದುವೆ ಊಟದ ಮೇಲೆ ತಪ್ಪು ಹೋಗುತ್ತದೆ.

ನೀವೇ ನೋಡಬಹುದಾದದ್ದು

ನೋಡುವ ಕೆಲಸ ಪೂರ್ತಿ ನಿಮ್ಮದೇ. ಅದಕ್ಕೆ ಯಾರನ್ನೂ ಕರೆಯಬೇಕಿಲ್ಲ, ಕಾಯಬೇಕಿಲ್ಲ. ಮನೆಯ ಗಂಡಸರು ಹೊರಗೆ ದುಡಿಯುವ, ಕೆಲವರು ಗಲ್ಫಿನಲ್ಲಿರುವ ಕುಟುಂಬಗಳಲ್ಲಿ ಪೈಪಿನ ತೊಂದರೆಗಳು ತಿಂಗಳುಗಟ್ಟಲೆ ಹಾಗೇ ಉಳಿಯುತ್ತವೆ. ಪರ ಗಂಡಸನ್ನು ಮನೆಯೊಳಗೆ ಕರೆಯುವುದು ಹೇಗೆ ಎಂಬ ಹಿಂಜರಿಕೆಯನ್ನು ಅನೇಕ ಸಹೋದರಿಯರು ನನ್ನಲ್ಲಿ ಹೇಳಿಕೊಂಡಿದ್ದಾರೆ. ಅವರಿಗಾಗಿಯೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ನಿಮ್ಮ ಮನೆಯ ವಾಲ್ವ್‌ಗಳು ಎಲ್ಲಿವೆ ಎಂದು ತಿಳಿದುಕೊಳ್ಳಿ. ರಸ್ತೆಯಿಂದ ಬರುವ ನೀರನ್ನು ನಿಲ್ಲಿಸುವ ವಾಲ್ವ್ ಒಂದು, ಮೇಲಿನ ಟ್ಯಾಂಕಿನಿಂದ ಇಳಿಯುವ ನೀರನ್ನು ನಿಲ್ಲಿಸುವುದು ಇನ್ನೊಂದು. ಪೈಪ್ ಒಡೆದು ಮನೆಯೆಲ್ಲ ನೀರಾದಾಗ ಪ್ಲಂಬರ್ ಬರುವವರೆಗೆ ಬಟ್ಟೆ ಒತ್ತಿ ಹಿಡಿದು ನಿಂತವರ ಕಥೆ ಎಷ್ಟೋ ಇವೆ. ಆ ವಾಲ್ವ್ ತಿರುಗಿಸಿದ್ದರೆ ಸಾಕಿತ್ತು. ಎರಡು ಮೂರು ತಿಂಗಳಿಗೊಮ್ಮೆ ಅದನ್ನು ತಿರುಗಿಸಿ ನೋಡುತ್ತಿರಿ, ಇಲ್ಲವಾದರೆ ಬೇಕಾದ ದಿನ ಅದು ಜಗ್ಗುವುದೇ ಇಲ್ಲ.

ಸೋರಿಕೆ ಪರೀಕ್ಷೆಗೆ ಸುಲಭ ಉಪಾಯವಿದೆ. ರಾತ್ರಿ ಇಶಾ ನಮಾಝಿನ ನಂತರ ಎಲ್ಲರ ಕೆಲಸ ಮುಗಿದ ಮೇಲೆ ಮೇಲಿನ ಟ್ಯಾಂಕಿನಲ್ಲಿ ನೀರು ಎಲ್ಲಿಯವರೆಗೆ ಇದೆ ಎಂದು ಒಂದು ಕೋಲು ಅದ್ದಿ ಗುರುತು ಮಾಡಿಕೊಳ್ಳಿ. ಮೋಟಾರ್ ಹಾಕಬೇಡಿ, ನಳ ತೆಗೆಯಬೇಡಿ. ರಾತ್ರಿ ಬೇಕಾಗುವ ನೀರನ್ನು ಬಕೆಟ್ಟಿನಲ್ಲಿ ತುಂಬಿಟ್ಟುಕೊಳ್ಳಿ, ಫ್ಲಶ್ ಕೂಡ ಒತ್ತಬೇಡಿ. ಫಜ್ರ್‌ಗೆ ಎದ್ದಾಗ, ವುಝೂಗೆ ಮೊದಲು, ಅದೇ ಕೋಲು ಅದ್ದಿ ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಸಂಪಿಗೂ ಹೀಗೇ ಮಾಡಬಹುದು, ನೀರು ಬಿಡದ ದಿನ ನೋಡಿಕೊಂಡು. ಸಂಪಿನ ನೀರು ತಾನಾಗಿ ಇಳಿದರೆ ಗೋಡೆಯಲ್ಲಿ ಬಿರುಕಿದೆ. ನೀರು ಬಿಡದೆಯೂ ತಾನಾಗಿ ಏರಿದರೆ ಇನ್ನೂ ಅಪಾಯ, ಹೊರಗಿನ ನೀರು ಒಳಗೆ ಬರುತ್ತಿದೆ ಎಂದರ್ಥ. ಮಳೆಗಾಲದಲ್ಲಿ ಇದನ್ನು ತಪ್ಪದೆ ನೋಡಿ.

ಸೋರಿಕೆ ಎಲ್ಲಿ ಎಂದು ಹುಡುಕುವಾಗ ಮೊದಲ ಅನುಮಾನ ಫ್ಲಶ್ ಟ್ಯಾಂಕಿನ ಮೇಲಿರಲಿ. ಬಿರಿಯಾನಿಗೆ ಹಾಕುವ ಬಣ್ಣವನ್ನು ಚಿಟಿಕೆಯಷ್ಟು ಫ್ಲಶ್ ಟ್ಯಾಂಕಿಗೆ ಹಾಕಿ, ಫ್ಲಶ್ ಮಾಡದೆ ಕಾಲು ಗಂಟೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಸವೆದಿದೆ. ಸೆಕೆಂಡಿಗೆ ಒಂದರಂತೆ ಹನಿ ಬೀಳುವ ನಳ ಕೂಡ ದಿನಕ್ಕೆ ಒಂದು ಕೊಡದಷ್ಟು ನೀರು ಕಳೆಯುತ್ತದೆ.

ನಳದ ವಾಷರ್ ಬದಲಿಸುವುದು, ಶವರಿನ ಜಾಲರಿ ಕಳಚಿ ಸಿರ್ಕಾದಲ್ಲಿ ನೆನೆಸಿ ಸುಣ್ಣ ತೆಗೆಯುವುದು, ಸಿಂಕಿನ ಕೆಳಗಿನ ಬಾಟಲಿಯಂಥ ಪ್ಲಾಸ್ಟಿಕ್ ಟ್ರ್ಯಾಪ್ ಕೈಯಿಂದ ತಿರುಗಿಸಿ ಬಿಚ್ಚಿ ತೊಳೆಯುವುದು, ಇವೆಲ್ಲ ಕಲಿತರೆ ಯಾರಾದರೂ ಮಾಡಬಹುದು. ನೀರು ನಿಲ್ಲಿಸಿ ಮಾಡಿ, ಕೆಳಗೆ ಒಂದು ಬೋಗುಣಿ ಇಡಿ, ಅಷ್ಟೇ.

ಬಚ್ಚಲಲ್ಲಿ ಬಳಕೆಯಿಲ್ಲದ ನಹಾನಿ ಟ್ರ್ಯಾಪ್ ಇದ್ದರೆ, ಅಂದರೆ ನೆಲದಲ್ಲಿ ನೀರು ಹೋಗುವ ಆ ಜಾಲಿಯ ಬಾಯಿ, ವಾರಕ್ಕೊಮ್ಮೆ ಅದಕ್ಕೆ ಒಂದು ತಂಬಿಗೆ ನೀರು ಹಾಕಿ. ಅದರ ಬಾಗಿನಲ್ಲಿ ಸದಾ ನಿಂತಿರುವ ನೀರೇ ಕೊಳಚೆ ಕೊಳವೆಯ ಗಾಳಿ ಮನೆಗೆ ಬಾರದಂತೆ ತಡೆಯುವ ಮುಚ್ಚಳ. ಅದು ಒಣಗಿದರೆ ವಾಸನೆ, ಜಿರಳೆ ಒಳಗೆ ಬರುತ್ತವೆ. ಇದನ್ನು ಸಣ್ಣ ವಿಷಯ ಎನ್ನಬೇಡಿ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗಲಿತು. ತನಿಖೆ ಮಾಡಿದವರು ಬೆರಳು ತೋರಿಸಿದ ಕಾರಣಗಳಲ್ಲಿ ಬಚ್ಚಲಿನ ಒಣಗಿದ ಟ್ರ್ಯಾಪ್‌ಗಳೂ ಇದ್ದವು. ಬಚ್ಚಲಿನ ಫ್ಯಾನ್ ಹಾಕಿದಾಗ ಕೊಳಚೆ ಕೊಳವೆಯ ಹನಿಗಳು ಅಲ್ಲಿಂದ ಮನೆಯೊಳಗೆ ಬಂದವು ಎಂಬುದು ಅವರ ತೀರ್ಮಾನ.

ಇನ್ನೊಂದು ನಮ್ಮ ಮನೆಗಳಿಗೇ ಸೇರಿದ ಮಾತು. ಇಸ್ತಿಂಜಾಗೆ ಎಲ್ಲ ಮನೆಗಳಲ್ಲೂ ಈಗ ಹ್ಯಾಂಡ್ ಶವರ್ ಬಂದಿದೆ. ಒಳ್ಳೆಯದೇ. ಆದರೆ ಅದರ ಕೊಕ್ಕೆ ಮುರಿದು, ಶವರಿನ ಮುಖ ಕಮೋಡಿನೊಳಗೆ ತೂಗಾಡುತ್ತಿರುವುದು, ಇಲ್ಲವೇ ಕೊಳೆ ನೀರಿನ ಬಕೆಟ್ಟಿನಲ್ಲಿ ಮುಳುಗಿರುವುದು ಸಾಮಾನ್ಯ ನೋಟ. ಮೇಲೆ ಹೇಳಿದ ಎಳೆತ ಇಲ್ಲೂ ಉಂಟಾಗಬಹುದು. ಕೆಳಮಹಡಿಯಲ್ಲಿ ನಳ ತೆರೆದು ಪೈಪ್ ಖಾಲಿಯಾದಾಗ ಆ ನೀರು ಹಿಂದಕ್ಕೆ ಪೈಪಿಗೆ ಹೋಗುತ್ತದೆ. ಕೊಕ್ಕೆ ಹಾಕಿಸಿ. ಬಳಸಿದ ಮೇಲೆ ಗೋಡೆಯ ಕಾಕ್ ಮುಚ್ಚುವ ಅಭ್ಯಾಸವನ್ನು ಮಕ್ಕಳಿಗೂ ಕಲಿಸಿ.

ನೀರು ಬಿಟ್ಟ ದಿನ ಮೊದಲ ಕೆಲವು ನಿಮಿಷಗಳ ನೀರನ್ನು ಸಂಪಿಗೆ ಬಿಡಬೇಡಿ. ಹುಬ್ಬಳ್ಳಿ-ಧಾರವಾಡದಲ್ಲೇ ಸಂಶೋಧಕರು ಅಧ್ಯಯನ ನಡೆಸಿ, ನೀರು ಬಿಟ್ಟ ಆರಂಭದಲ್ಲಿ ಬರುವ ನೀರಿನಲ್ಲಿ ಕೆಸರೂ ಮಲದ ಸೂಚಕ ಬ್ಯಾಕ್ಟೀರಿಯಾಗಳೂ ಹೆಚ್ಚಿರುವುದನ್ನು ಕಂಡಿದ್ದಾರೆ. ಆ ನೀರು ಅಂಗಳಕ್ಕೆ, ಪಾಯಿಖಾನೆಗೆ ಇರಲಿ. ನೀರು ದುರ್ಲಭವಾದ ಊರಿನಲ್ಲಿ ಚೆಲ್ಲಿ ಎಂದು ನಾನು ಹೇಳುತ್ತಿಲ್ಲ.

ಬಣ್ಣ, ವಾಸನೆ, ರುಚಿ ಕೆಡದ ನೀರು ಶುದ್ಧ ಎಂದು ನಾವು ತಹಾರತ್ತಿನ ಪಾಠದಲ್ಲಿ ಕಲಿತಿದ್ದೇವೆ. ವುಝೂವಿನ ತೀರ್ಪು ಉಲಮಾಗಳದು, ಅದರಲ್ಲಿ ನಾನು ಕೈಹಾಕುವುದಿಲ್ಲ. ವೈದ್ಯನಾಗಿ ಹೇಳುವುದಿಷ್ಟೇ: ಆ ಮೂರೂ ಸರಿಯಿದ್ದ ನೀರಿನಲ್ಲೂ ಟೈಫಾಯ್ಡ್ ಕ್ರಿಮಿ ಇರಬಹುದು. ಹಾಗಾಗಿ ಅನುಮಾನ ಬಂದರೆ ಪರೀಕ್ಷೆ ಮಾಡಿಸಿ. ಎಚ್‌ಟುಎಸ್ ಬಾಟಲಿ ಎಂಬ ಸಣ್ಣ ಸೀಸೆ ಸಿಗುತ್ತದೆ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಕಡೆ ಒಂದೆರಡು ದಿನ ಇಟ್ಟರೆ, ಮಲದ ಸೋಂಕಿರುವ ನೀರು ಕಪ್ಪಾಗುತ್ತದೆ. ಪರೀಕ್ಷೆಯ ನಂತರ ಅದನ್ನು ಬರಿಗೈಯಲ್ಲಿ ಮುಟ್ಟದೆ, ಬ್ಲೀಚಿಂಗ್ ಪೌಡರ್ ಹಾಕಿ ಪಾಯಿಖಾನೆಗೆ ಸುರಿಯಿರಿ. ಜಿಲ್ಲಾ ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲೂ ನೀರಿನ ಪರೀಕ್ಷೆ ಮಾಡುತ್ತಾರೆ.

ನಾನೇ ಮಾಡಿದ ಎಡವಟ್ಟು

ಇಷ್ಟು ಓದಿದ ಮೇಲೆ ಡಾಕ್ಟರರಿಗೆ ಎಲ್ಲ ಗೊತ್ತಿದೆ ಎಂದು ನೀವು ಭಾವಿಸಬಹುದು. ಬಿಚ್ಚುವ ಕೆಲಸದಲ್ಲಿ ನಾನು ಸೋತದ್ದನ್ನೂ ಹೇಳಿಬಿಡುತ್ತೇನೆ.

ನಮ್ಮ ಬಚ್ಚಲ ನಳ ಬುಡದಲ್ಲಿ ಹನಿಯುತ್ತಿತ್ತು. ಪಾನಾ ಹಿಡಿದು ಬಿಗಿ ಮಾಡಿದೆ. ಮತ್ತೂ ಹನಿಯಿತು, ಮತ್ತೂ ಬಿಗಿದೆ. ಹನಿ ನಿಂತಿತು. ಗೋಡೆಯೊಳಗಿನ ಪ್ಲಾಸ್ಟಿಕ್ ಎಲ್ಬೋ ಆಗ ಸೀಳಿತ್ತು ಎಂಬುದು ತಿಳಿದದ್ದು ಮಳೆಗಾಲ ಕಳೆದ ಮೇಲೆ. ಹಿತ್ತಾಳೆಯ ನಳವನ್ನು ಪ್ಲಾಸ್ಟಿಕ್ ಮರೆಗೆ ಅತಿಯಾಗಿ ಬಿಗಿದರೆ ಹಾಗಾಗುತ್ತದೆಂದು ನಂತರ ಬಂದ ಪ್ಲಂಬರ್ ಹೇಳಿದ. ಬಚ್ಚಲಿನ ಆಚೆ ಬದಿಯ ಗೋಡೆ ಅಮ್ಮಿಯ ಕೋಣೆಯದು. ಮೊದಲು ಸುಣ್ಣ ಉಬ್ಬಿತು, ಆಮೇಲೆ ಕಪ್ಪು ಬೂಷ್ಟು ಹತ್ತಿತು. ಅವರಿಗೆ ಮೊದಲೇ ದಮ್ಮಿನ ತೊಂದರೆ. ಆ ನಾಲ್ಕು ತಿಂಗಳು ರಾತ್ರಿ ಕೆಮ್ಮು ಹೆಚ್ಚಾಗಿದ್ದಕ್ಕೆ ನಾನು ಹವಾಮಾನವನ್ನು ದೂರಿ, ಲಊಕ್ ಕೊಡುತ್ತಿದ್ದೆ. ಔಷಧಿ ಒಂದು ಕಡೆ, ಬೂಷ್ಟು ಇನ್ನೊಂದು ಕಡೆ. ಗೋಡೆ ಒಡೆದು ಎಲ್ಬೋ ಬದಲಿಸಿ, ಗೋಡೆ ಪೂರ್ತಿ ಒಣಗುವವರೆಗೆ ಅವರ ಮಂಚವನ್ನು ಹಾಲಿಗೆ ತಂದ ಮೇಲೆ ಕೆಮ್ಮು ತಗ್ಗಿತು. ವಾಷರ್ ಬದಲಿಸಲು ಬಂದಿದ್ದರೆ ಅವನು ಇನ್ನೂರು ರೂಪಾಯಿ ತೆಗೆದುಕೊಳ್ಳುತ್ತಿದ್ದ. ಗೋಡೆ ಕೆಲಸಕ್ಕೆ ಎಷ್ಟಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ.

ಅಲ್ಲಿಂದ ನಾನು ಪಾಲಿಸುವ ನಿಯಮ ಇದು. ಕಣ್ಣಿಗೆ ಕಾಣುವ, ವಾಲ್ವ್ ಮುಚ್ಚಿದರೆ ನೀರು ನಿಲ್ಲುವ, ಕೆಟ್ಟರೂ ಬರೀ ನೀರು ಚೆಲ್ಲುವಂಥ ಕೆಲಸ ನನ್ನದು. ಗೋಡೆಯೊಳಗೆ, ನೆಲದೊಳಗೆ ಹೋಗುವ ಪೈಪ್, ಗಟಾರದ ಹತ್ತಿರದ ಪೈಪ್, ಕರೆಂಟಿಗೋ ಗ್ಯಾಸಿಗೋ ತಾಗಿದ ಯಾವುದೇ ಕೆಲಸ ನನ್ನದಲ್ಲ. ಗೀಸರ್ ಬಿಚ್ಚಬೇಡಿ. ಅದರ ಮೇಲಿರುವ ಸೇಫ್ಟಿ ವಾಲ್ವ್ ಹನಿಯುತ್ತದೆಂದು ಮುಚ್ಚಳ ಹಾಕಿ ಬಂದ್ ಮಾಡಬೇಡಿ, ಒಳಗಿನ ಒತ್ತಡ ಹೋಗುವ ದಾರಿಯೇ ಅದು. ಗ್ಯಾಸ್ ಗೀಸರ್ ಬಚ್ಚಲಿನೊಳಗೆ ಇದ್ದರೆ ಹೊರಗೆ ಹಾಕಿಸಿ. ಮುಚ್ಚಿದ ಬಚ್ಚಲಿನಲ್ಲಿ ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದೆ ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ.

ನೀವೂ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ

ಸೆಪ್ಟಿಕ್ ಟ್ಯಾಂಕ್ ವಿಷಯದಲ್ಲಿ ನಾನೋ ಪ್ಲಂಬರೋ ಎಂಬ ಪ್ರಶ್ನೆಯೇ ಇಲ್ಲ. ಅದರೊಳಗೆ ಮನುಷ್ಯ ಇಳಿಯಲೇಬಾರದು. ಕೊಳೆಯುವ ಮಲದಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯದು. ಅದು ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಎರಡು ಉಸಿರಿಗೆ ಬೀಳುತ್ತಾನೆ. ಅವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನ ಹಿಂದೆ ಅಪ್ಪ. ಇಂಥ ಸಾವುಗಳು ಒಂಟಿಯಾಗಿ ಬರುವುದು ಕಡಿಮೆ.

ದಿನಗೂಲಿಗೆ ಯಾರನ್ನೋ ಕರೆತಂದು ಇಳಿಸಿದರಾಯಿತು ಎನ್ನುವವರಿದ್ದಾರೆ. ಸುರಕ್ಷಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕ್, ಚರಂಡಿಗೆ ಮನುಷ್ಯರನ್ನು ಇಳಿಸಿ ಸ್ವಚ್ಛ ಮಾಡಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮಾಡಿಸಿದವರಿಗೆ ಜೈಲು ಶಿಕ್ಷೆಯಿದೆ. ಕಾಯ್ದೆ ಇರದಿದ್ದರೂ, ನಮ್ಮ ಮನೆಯ ಮಲಕ್ಕೆ ಇನ್ನೊಬ್ಬನ ಜೀವ ಒತ್ತೆ ಇಡುವುದನ್ನು ನಮ್ಮ ದೀನ್ ಎಲ್ಲಿ ಒಪ್ಪುತ್ತದೆ? ಪಾಲಿಕೆಯದೋ ಖಾಸಗಿಯವರದೋ ಸಕ್ಕಿಂಗ್ ಯಂತ್ರದ ಗಾಡಿ ಕರೆಸಿ. ಪೈಪ್ ಹೊರಗಿನಿಂದಲೇ ಇಳಿಯಲಿ.

ಸಂಪಿನಲ್ಲೂ ಇದೇ ಎಚ್ಚರಿಕೆ, ವಿಶೇಷವಾಗಿ ಬಹುಕಾಲ ಮುಚ್ಚಿದ್ದರೆ. ನೀರಿನ ಸಂಪಿನಲ್ಲೂ ಆಮ್ಲಜನಕ ಕಡಿಮೆಯಿರಬಹುದು. ಸಬ್‌ಮರ್ಸಿಬಲ್ ಮೋಟಾರ್ ಇದ್ದರೆ ಸ್ವಿಚ್ ಅಷ್ಟೇ ಅಲ್ಲ, ಮೇನ್ ತೆಗೆಯಬೇಕು. ಸ್ವಚ್ಛ ಮಾಡುವವರು ಮುಚ್ಚಳ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಡಬೇಕು, ಮೇಲೆ ಒಬ್ಬರು ನಿಂತಿರಲೇಬೇಕು. ತೊಳೆದು ತುಂಬಿದ ಮೇಲೆ ತಿಳಿನೀರಿಗಾದರೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ಬ್ಲೀಚಿಂಗ್ ಪೌಡರನ್ನು ಪಾಯಿಖಾನೆ ತೊಳೆಯುವ ಆಸಿಡ್ಡಿನ ಜೊತೆ ಎಂದೂ ಸೇರಿಸಬೇಡಿ. ಎರಡೂ ಸೇರಿದರೆ ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ಹಬ್ಬದ ಮುಂಚಿನ ಸ್ವಚ್ಛತೆಯ ಉತ್ಸಾಹದಲ್ಲಿ ಹಾಗೆ ಮಾಡಿಕೊಂಡು ಉಸಿರು ಸಿಕ್ಕಿಬಿದ್ದು ನನ್ನ ಬಳಿ ಬಂದವರಿದ್ದಾರೆ.

ಪ್ಲಂಬರ್ ಬಂದಾಗ

ಕರೆಯುವ ಮೊದಲೇ ನೀವು ನೋಡಿದ್ದನ್ನು ಬರೆದಿಟ್ಟುಕೊಳ್ಳಿ. "ನೀರು ಎಲ್ಲೋ ಸೋರ್ತೈತಿ" ಎಂದರೆ ಅವನು ಮನೆಯೆಲ್ಲ ಹುಡುಕಿ ಕೂಲಿ ಹೇಳುತ್ತಾನೆ. "ರಾತ್ರಿ ಟ್ಯಾಂಕ್ ನಾಲ್ಕು ಬೆರಳು ಇಳೀತೈತಿ, ಫ್ಲಶ್ ಸರಿ ಐತಿ, ಬಚ್ಚಲ ಗೋಡಿ ಹಸಿ ಐತಿ" ಎಂದರೆ ಅರ್ಧ ಕೆಲಸ ಮುಗಿದಂತೆ. ಕೂಲಿ, ಸಾಮಾನಿನ ಬೆಲೆ ಎರಡನ್ನೂ ಬೇರೆ ಬೇರೆ ಕೇಳಿ, ಕೆಲಸಕ್ಕೆ ಮೊದಲು ಒಪ್ಪಿಕೊಳ್ಳಿ. ತೆಗೆದ ಹಳೆಯ ಭಾಗವನ್ನು ತೋರಿಸಲು ಹೇಳಿ. ಮನೆಯಲ್ಲಿ ಹೆಂಗಸರೇ ಇದ್ದರೆ ಅಣ್ಣನೋ ಮಾವನೋ ಬರುವ ಹೊತ್ತಿಗೆ ಕರೆಯಿರಿ. ಆದರೆ ಏನು ಮಾಡಬೇಕೆಂದು ಹೇಳುವವರು ನೀವಾಗಿರಿ, ಮನೆಯ ನೀರನ್ನು ಬಳಸುವವರು ನೀವೇ ತಾನೆ.

ಮುಖ್ಯವಾದದ್ದು: ಗೋಡೆಯೊಳಗಿನ ಕೆಲಸವಾದರೆ ಅದೇ ದಿನ ಸಿಮೆಂಟ್ ಹಚ್ಚಲು ಬಿಡಬೇಡಿ. ಅಂಟು ಒಣಗಲಿ, ನೀರು ತುಂಬಿ ಒಂದು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಕೈಯಾಡಿಸಿ ಒಣಗಿದೆಯೇ ನೋಡಿ, ಮೊಬೈಲಿನಲ್ಲಿ ಪೈಪಿನ ಒಂದು ಫೋಟೋ ತೆಗೆದುಕೊಂಡು ಆಮೇಲೆ ಮುಚ್ಚಿಸಿ. ಮುಂದೆ ಎಂದಾದರೂ ಗೋಡೆಗೆ ಮೊಳೆ ಹೊಡೆಯುವಾಗ ಆ ಫೋಟೋ ನಿಮ್ಮನ್ನು ಕಾಯುತ್ತದೆ. ಹೊಸ ಪೈಪಿನ ಮೊದಲ ನೀರನ್ನು, ಅಂಟಿನ ವಾಸನೆ ಹೋಗುವವರೆಗೆ, ಕುಡಿಯಲು ಅಡುಗೆಗೆ ಬಳಸಬೇಡಿ. ಬಿಸಿನೀರಿನ ಲೈನಿಗೆ ಸಾದಾ ಪಿವಿಸಿ ಬೇಡ, ಸಿಪಿವಿಸಿಯೇ ಬೇಕು ಎಂದು ಸ್ಪಷ್ಟವಾಗಿ ಹೇಳಿ. ರಸ್ತೆಯ ಮುಖ್ಯ ಕೊಳವೆಗೆ ಕೈಹಾಕುವ ಕೆಲಸವಾದರೆ ಪಾಲಿಕೆಯ ಅನುಮತಿ ಬೇಕು. ಅದಿಲ್ಲದೆ ರಾತ್ರೋರಾತ್ರಿ ಅಗೆದು ಮಾಡಿಕೊಡುತ್ತೇನೆ ಎನ್ನುವವನನ್ನು ಕಳಿಸಿಬಿಡಿ.

ಹಳೇ ಹುಬ್ಬಳ್ಳಿಯ ಆ ಮನೆಯವರಿಗೂ ಇದನ್ನೇ ಹೇಳಿದ್ದೆ. ಸಂಪಿನ ನೀರು ತುಂಬಿಸಿಟ್ಟ ಬಾಟಲಿ ಮರುದಿನ ಸಂಜೆಗೇ ಕಪ್ಪಾಗಿತ್ತು. ಅದನ್ನು ನೋಡಿದ ಮೇಲೆ ಯಜಮಾನರು ವಾದಕ್ಕಿಳಿಯಲಿಲ್ಲ. ಅರ್ಜಿ ಕೊಟ್ಟು, ಎರಡು ವಾರ ಓಡಾಡಿ, ಅನುಮತಿ ಪಡೆದು, ಹಳೆಯ ಕಬ್ಬಿಣದ ಪೈಪ್ ಕಿತ್ತು, ಹೊಸದನ್ನು ಗಟಾರದ ಮೇಲಿನಿಂದ ದೊಡ್ಡ ಪೈಪಿನ ಕವಚದೊಳಗೆ ದಾಟಿಸಿದರು. ಸಂಪ್ ತೊಳೆಸಿದರು. ಕಿತ್ತ ಪೈಪಿನ ಒಂದು ತುಂಡನ್ನು ಚೀಲದಲ್ಲಿ ಹಾಕಿಕೊಂಡು ದವಾಖಾನೆಗೆ ತಂದು ನನ್ನ ಮೇಜಿನ ಮೇಲಿಟ್ಟರು. ಟ್ಯೂಬ್ ಬಿಚ್ಚಿದರೆ ಕೆಳಗೆ ತೂತು ಒಂದಲ್ಲ, ಮೂರಿದ್ದವು. "ಮ್ಯಾಲಿನ ಒಂದ ನನಗ ಕಂಡಿತ್ರಿ" ಎಂದರು.

ತಿಂಗಳ ನಂತರ ಎರಡನೇ ಬಾಟಲಿ ಇಟ್ಟೆವು. ಎರಡು ದಿನ ಕಾದೆವು, ಬಣ್ಣ ಬದಲಾಗಲಿಲ್ಲ. ಆದರೂ ಕುಡಿಯುವ ನೀರು ಕುದಿಸುವುದನ್ನು ನಿಲ್ಲಿಸಬೇಡಿ ಎಂದು ಹೇಳಿದೆ. ಯಾಕೆಂದರೆ ಅವರ ಪೈಪ್ ಸರಿಯಾಯಿತು, ಓಣಿಯದು ಇನ್ನೂ ಆಗಿಲ್ಲ. ಪಕ್ಕದ ನಾಲ್ಕು ಮನೆಗಳ ಪೈಪ್ ಈಗಲೂ ಅದೇ ಗಟಾರದೊಳಗಿದೆ. ಅವರಲ್ಲಿ ಇಬ್ಬರು ಬಾಟಲಿ ತೆಗೆದುಕೊಂಡು ಹೋಗಿದ್ದಾರೆ.